ಬ್ರೇಕ್ ಮುಟ್ಟಿದರೂ ಕ್ರೂಸ್ ಬಿಡುತ್ತಿಲ್ಲ: ಎನ್‌ಎಚ್‌ಟಿಎಸ್‌ಎ ದೂರಿನಲ್ಲಿ ಏನೇನು ಬರೆಯಬೇಕು?

ಹೈವೇಹಕ್ಕಿ:
ಅಮೆರಿಕದಲ್ಲಿ ಓಡುತ್ತಿರುವ ಗಾಡಿ, ಪೆಟ್ರೋಲ್, ಆಟೋಮ್ಯಾಟಿಕ್, 2016ರ ಮಾಡೆಲ್. ಕ್ರೂಸನ್ನು (ಆಕ್ಸಿಲರೇಟರ್ ಒತ್ತದೆಯೇ ಹಾಕಿದ ವೇಗ ಕಾಯುವ ವ್ಯವಸ್ಥೆ) ಗಂಟೆಗೆ 65 ಮೈಲಿಗೆ ಹಾಕಿ ಬ್ರೇಕನ್ನು ಮೆಲ್ಲಗೆ ಮುಟ್ಟಿದರೆ ಮೂರು ಸಲಕ್ಕೆ ಒಂದು ಸಲವಾದರೂ ಕ್ರೂಸ್ ಬಿಡುವುದಿಲ್ಲ. ಬ್ರೇಕ್ ದೀಪ ಹತ್ತುತ್ತದೆ, ಇಂಜಿನ್ ಮಾತ್ರ ಎಳೆಯುತ್ತಲೇ ಇರುತ್ತದೆ. ಜೋರಾಗಿ ಒತ್ತಿದರೆ ಬಿಡುತ್ತದೆ. ಸ್ಟಿಯರಿಂಗ್ ಮೇಲಿನ ಕ್ಯಾನ್ಸಲ್ ಬಟನ್ ಒಮ್ಮೆಯೂ ತಪ್ಪಿಲ್ಲ. ಚೆಕ್ ಇಂಜಿನ್ ಲೈಟ್ ಬಂದಿಲ್ಲ. ಸರ್ವಿಸ್‌ನವರು 'ದೋಷ ಕಂಡುಬಂದಿಲ್ಲ' ಎಂದು ಬರೆದು ಕಳಿಸಿದ್ದಾರೆ. ಯಾವ ಭಾಗ ಕೆಟ್ಟಿರಬಹುದು? ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಗೆ ದೂರು ಕೊಟ್ಟರೆ ಪ್ರಯೋಜನ ಉಂಟೇ?

ಮಲ್ಟಿಮೀಟರ್:
ದೀಪ ಹತ್ತಿ ಕ್ರೂಸ್ ಬಿಡುತ್ತಿಲ್ಲ ಎಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಬ್ರೇಕ್ ಪೆಡಲ್ ತೋಳಿನ ಮೇಲ್ಗಡೆ ಇರುವ ಸ್ವಿಚ್ಚಿನೊಳಗೆ ಸಾಮಾನ್ಯವಾಗಿ ಎರಡು ಸರ್ಕ್ಯೂಟ್ ಇರುತ್ತವೆ. ದೀಪದ್ದು ಪೆಡಲ್ ಒತ್ತಿದಾಗ ಕೂಡುತ್ತದೆ, ಕ್ರೂಸ್ ರದ್ದು ಮಾಡುವುದು ಒತ್ತಿದಾಗ ಬಿಟ್ಟುಕೊಳ್ಳುತ್ತದೆ. ಇಂಜಿನ್ ಕಂಪ್ಯೂಟರ್ ಎರಡನ್ನೂ ತಾಳೆ ನೋಡುತ್ತದೆ, ಆದರೆ ಕ್ಷಣಮಾತ್ರದ ವ್ಯತ್ಯಾಸಕ್ಕೆ ದೋಷದ ಕೋಡ್ ಹಾಕುವುದಿಲ್ಲ. ನಿಮಗೆ ಲೈಟ್ ಬಾರದಿರುವುದಕ್ಕೆ ಬಹುಶಃ ಇದೇ ಕಾರಣ. ಲೈಟ್ ಹತ್ತಿಸದೆ ಕಂಪ್ಯೂಟರಿನಲ್ಲಿ ಉಳಿದ ಪೆಂಡಿಂಗ್ ಕೋಡ್‌ಗಳಲ್ಲಿ ಪಿ0504 ಅಥವಾ ಪಿ0571 (ಎರಡೂ ಬ್ರೇಕ್ ಸ್ವಿಚ್ಚಿನವೇ) ಕೂತಿದೆಯೇ ನೋಡಿ.

ಪರೀಕ್ಷೆ ಸುಲಭ. ಗಾಡಿಯ ಕಂಪ್ಯೂಟರಿನ ಲೈವ್ ಡೇಟಾ ತೋರಿಸುವ ಓಬಿಡಿ ಸ್ಕ್ಯಾನರ್ ಹಾಕಿ, ಎರಡೂ ಬ್ರೇಕ್ ಸ್ವಿಚ್ ಸಾಲುಗಳನ್ನು ಒಟ್ಟಿಗೆ ತೆರೆದಿಡಿ. ಕಾಲಿನಿಂದ ಬೇಡ, ಕೈಯಿಂದ ಪೆಡಲನ್ನು ಮಿಲಿಮೀಟರ್ ಲೆಕ್ಕದಲ್ಲಿ ಒತ್ತುತ್ತಾ ಹೋಗಿ. ಪಕ್ಕದಲ್ಲಿ ಸ್ಕೇಲ್ ಹಿಡಿದಿರಿ. ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬದಲಾಗಬೇಕು. ಒಂದು ಬಹಳ ಹಿಂದೆ ಬಿದ್ದರೆ ಸ್ವಿಚ್ ಸವೆದಿದೆ, ಇಲ್ಲವೇ ಸರಿಯಾದ ಜಾಗದಲ್ಲಿ ಕೂತಿಲ್ಲ. ಸ್ಕ್ಯಾನರ್ ಇಲ್ಲದಿದ್ದರೆ ಕನೆಕ್ಟರ್ ಕಳಚಿ, ಕ್ರೂಸಿನ ಎರಡು ಪಿನ್ ಮೇಲೆ ಓಮ್ ಮೀಟರ್ ಇಡಿ. ಪೆಡಲ್ ಮೇಲಿದ್ದಾಗ 1 ಓಮ್‌ಗಿಂತ ಕಡಿಮೆ, ಒತ್ತಿದೊಡನೆ ಪೂರ್ತಿ ಓಪನ್. ಮುಳ್ಳು ನಡುವೆ ತೊದಲಿದರೆ ಸಂಪರ್ಕದ ತುದಿ ಸುಟ್ಟಿದೆ ಎಂದರ್ಥ.

ಪೆಡಲ್ ತೋಳಿನ ಮೇಲೆ ಸ್ವಿಚ್ಚಿನ ಕಡ್ಡಿ ತಾಗುವ ಕಡೆ ಒಂದು ಸಣ್ಣ ರಬ್ಬರ್ ಅಥವಾ ಪ್ಲಾಸ್ಟಿಕ್ ಗುಂಡಿ ಇರುತ್ತದೆ. ಅದು ಪುಡಿಯಾದರೆ ದೀಪ ಸದಾ ಹತ್ತಿಕೊಂಡೇ ಇರುತ್ತದೆ, ಕ್ರೂಸ್ ಹಾಕಲಿಕ್ಕೇ ಆಗದು. ಅಂದರೆ ನಿಮ್ಮ ಲಕ್ಷಣಕ್ಕೆ ತದ್ವಿರುದ್ಧ. ಆದ್ದರಿಂದ ಆ ಗುಂಡಿ ಬದಲಿಸಿ ಬಿಲ್ ಹಾಕಿದರೆ ಒಪ್ಪಬೇಡಿ. ಇನ್ನೊಂದು: ಕೆಲವು ಸ್ವಿಚ್‌ಗಳು ಕೂರಿಸುವಾಗ ಒಂದೇ ಸಲ ತಾವಾಗಿ ಅಡ್ಜಸ್ಟ್ ಆಗುವಂಥವು. ಬಿಚ್ಚಿ ಅದನ್ನೇ ಮತ್ತೆ ಹಾಕಿದರೆ ಅಳತೆ ತಪ್ಪುತ್ತದೆ. ಹಿಂದೆ ಯಾರಾದರೂ ಡ್ಯಾಶ್ ಕೆಳಗೆ ಕೈ ಹಾಕಿದ್ದರೆ ಅಲ್ಲಿಂದಲೇ ಶುರು ಮಾಡಿ.

ಕಡತಕೋಣೆ:
ದೂರಿನ ವಿಷಯಕ್ಕೆ ಬರೋಣ. ಪ್ರಯೋಜನ ಉಂಟು, ಆದರೆ ನೀವು ಅಂದುಕೊಂಡ ರೀತಿಯದಲ್ಲ. ಎನ್‌ಎಚ್‌ಟಿಎಸ್‌ಎ ನಿಮ್ಮ ಗಾಡಿ ರಿಪೇರಿ ಮಾಡಿಸಿಕೊಡುವುದಿಲ್ಲ. ಒಂದೇ ಮಾಡೆಲ್ ಮೇಲೆ ಒಂದೇ ಬಗೆಯ ದೂರುಗಳು ಕೂಡಿಬಂದರೆ ತನಿಖೆ ತೆರೆಯುತ್ತದೆ. 2022ರ ಫೆಬ್ರವರಿಯಲ್ಲಿ ಟೆಸ್ಲಾದ ಕಾರಣವಿಲ್ಲದ ಬ್ರೇಕಿಂಗ್ ಬಗ್ಗೆ ತನಿಖೆ ಶುರುವಾದದ್ದು 354 ದೂರುಗಳ ಆಧಾರದ ಮೇಲೆ.

ಮೊದಲು 17 ಅಕ್ಷರದ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ಬಾಕಿ ಇರುವ ರಿಕಾಲ್ (ದೋಷ ಸರಿಪಡಿಸಲು ತಯಾರಕರು ಗಾಡಿ ವಾಪಸ್ ಕರೆಯುವುದು) ಹುಡುಕಿ. ಇದ್ದರೆ ಮುಗಿಯಿತು, ಮೊದಲ ಮಾರಾಟದಿಂದ 15 ವರ್ಷದೊಳಗಿನ ಗಾಡಿಗೆ ರಿಪೇರಿ ಪುಕ್ಕಟೆ.

ಇಲ್ಲದಿದ್ದರೆ ದೂರು. ಇಲ್ಲಿ ಜನ ಎಡವುವುದು ಒಂದೇ ಕಡೆ. 'ಗಾಡಿ ತಾನಾಗಿ ಓಡಿತು, ಜೀವ ಬಾಯಿಗೆ ಬಂತು' ಎಂದು ಬರೆದು ನಿಲ್ಲಿಸುತ್ತಾರೆ. ಓದುವ ಇಂಜಿನಿಯರ್‌ಗೆ ಬೇಕಾದದ್ದು ಕಾಲು ಎಲ್ಲಿತ್ತು, ಇಂಜಿನ್ ಏನು ಮಾಡಿತು, ಬ್ರೇಕ್ ಹಿಡಿಯಿತೇ ಎಂಬ ಮೂರು ಸಂಗತಿ, ಬೇರೆಬೇರೆಯಾಗಿ. ಹೀಗೆ ಬರೆಯಿರಿ:

'ಸಮತಟ್ಟು ರಸ್ತೆ, ಒಣ ಹವೆ, ಕ್ರೂಸ್ 65 ಮೈಲಿ. ಬ್ರೇಕ್ ಪೆಡಲ್ ಸುಮಾರು 10 ಮಿಲಿಮೀಟರ್ ಒತ್ತಿದಾಗ ಬ್ರೇಕ್ ದೀಪ ಹತ್ತಿತು, ಕ್ರೂಸ್ ಸೂಚಕ ಆರಲಿಲ್ಲ, ಆರ್‌ಪಿಎಂ ಇಳಿಯಲಿಲ್ಲ. ಆಕ್ಸಿಲರೇಟರ್ ಮೇಲೆ ಕಾಲು ಇರಲಿಲ್ಲ. ಕ್ಯಾನ್ಸಲ್ ಬಟನ್ ಒತ್ತಿದೊಡನೆ ವೇಗ ಇಳಿಯಿತು. 30 ಪ್ರಯತ್ನಗಳಲ್ಲಿ 11 ಸಲ ಹೀಗಾಯಿತು.'

ಅಂಕಿಗಳು ನಿಮ್ಮವೇ ಇರಲಿ. ಜತೆಗೆ ತಾರೀಕು, ಓಡಿದ ಮೈಲಿ, ಸರ್ವಿಸ್‌ನ ರಿಪೇರಿ ಆರ್ಡರ್ ಲಗತ್ತಿಸಿ. ಆ ಆರ್ಡರಿನಲ್ಲಿ ಗ್ರಾಹಕರು ಹೇಳಿದ್ದು ಎಂಬ ಸಾಲು ನಿಮ್ಮ ಮಾತಿನಲ್ಲೇ ಇದೆಯೇ ಎಂದು ಸಹಿ ಹಾಕುವ ಮುಂಚೆ ಓದಿ. 'ಕ್ರೂಸ್ ಪರೀಕ್ಷಿಸಿ' ಎಂದಷ್ಟೇ ಬರೆದಿದ್ದರೆ ಅದು ಸೊನ್ನೆಗೆ ಸಮ. ಕೋಡ್ ಇದ್ದರೆ ಅಳಿಸುವ ಮುಂಚೆ ಫೋಟೋ ತೆಗೆಸಿ, ಸ್ವಿಚ್ ಬದಲಿಸಿದರೆ ಹಳೆಯದನ್ನು ವಾಪಸ್ ಕೇಳಿ ಇಟ್ಟುಕೊಳ್ಳಿ.

ಕೀ ಆನ್ ಇತ್ತೋ ಆಫ್ ಇತ್ತೋ ಎಂಬುದನ್ನೂ ಬಿಡಬೇಡಿ. ಫೋರ್ಡ್ ಗಾಡಿಗಳಲ್ಲಿ ಕ್ರೂಸ್ ಕಡಿತದ ಸ್ವಿಚ್ ಒಳಗೆ ಬ್ರೇಕ್ ಆಯಿಲ್ ಸೋರಿ, ನಿಲ್ಲಿಸಿಟ್ಟ ಗಾಡಿಗಳೇ ಹೊತ್ತಿಕೊಂಡವು. ಕೀ ತೆಗೆದರೂ ಆ ಸ್ವಿಚ್ಚಿಗೆ ಕರೆಂಟ್ ಇರುತ್ತಿತ್ತು. 1999ರಿಂದ 2009ರವರೆಗೆ ಕಂತುಕಂತಾಗಿ ಒಂದು ಕೋಟಿಗೂ ಮಿಕ್ಕಿ ಗಾಡಿಗಳು ರಿಕಾಲ್ ಆದವು.

ಹೈವೇಹಕ್ಕಿ:
ಗಾಡಿಯ ಬ್ಲ್ಯಾಕ್ ಬಾಕ್ಸ್ ದಾಖಲೆ ತೆಗೆಸಿದರೆ ಸಾಕ್ಷಿ ಸಿಗುವುದಿಲ್ಲವೇ? ಮತ್ತೆ, ಒಂದು ದಿನ ಜೋರಾಗಿ ಒತ್ತಿದರೂ ಬಿಡದಿದ್ದರೆ?

ಮಲ್ಟಿಮೀಟರ್:
ಡಿಕ್ಕಿ ಆಗದಿದ್ದರೆ ಅದರಲ್ಲಿ ನಿಮಗೆ ಬೇಕಾದ್ದು ಇರುವುದಿಲ್ಲ. ಡಿಕ್ಕಿಯ ಹೊಡೆತ ಗೊತ್ತಾದಾಗ ಮಾತ್ರ ಹಿಂದಿನ ಸುಮಾರು 5 ಸೆಕೆಂಡಿನ ವೇಗ, ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಕವಾಟ), ಬ್ರೇಕ್ ಸ್ಥಿತಿ ಉಳಿಯುತ್ತದೆ. ನಿಮಗೆ ಸ್ಕ್ಯಾನರ್ ಲಾಗೇ ಗತಿ.

ಎರಡನೆಯದಕ್ಕೆ: ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಪಂಪ್ ಮಾಡಬೇಡಿ. ಥ್ರಾಟಲ್ ಪೂರ್ತಿ ತೆರೆದಿದ್ದಾಗ ಇಂಜಿನ್ನಿನಲ್ಲಿ ವ್ಯಾಕ್ಯೂಮ್ (ಹೀರುವ ಬಲ) ಹುಟ್ಟುವುದಿಲ್ಲ. ಅದನ್ನು ಬಳಸಿ ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ನಲ್ಲಿ ಉಳಿದದ್ದು ಒಂದೆರಡು ಒತ್ತಿಗೆ ಖಾಲಿ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಹಿಡಿದುಕೊಂಡೇ ಗೇರನ್ನು ನ್ಯೂಟ್ರಲ್‌ಗೆ ತಳ್ಳಿ. ಇಂಜಿನ್ ಕಿರುಚುತ್ತದೆ, ಕಿರುಚಲಿ, ಇಂಜಿನ್ ವೇಗದ ಲಿಮಿಟರ್ ತಡೆಯುತ್ತದೆ. ಓಡುವಾಗ ಕೀ ಹೊರಗೆಳೆಯಬೇಡಿ, ಸ್ಟಿಯರಿಂಗ್ ಲಾಕ್ ಆದೀತು. 2018ರ ಮೇ ತಿಂಗಳಲ್ಲಿ ಫಿಯಟ್ ಕ್ರೈಸ್ಲರ್ 48 ಲಕ್ಷ ಗಾಡಿ ರಿಕಾಲ್ ಮಾಡಿದ್ದು ಶಾರ್ಟ್ ಸರ್ಕ್ಯೂಟಿನಿಂದ ಕ್ರೂಸ್ ರದ್ದಾಗದೆ ಉಳಿಯಬಹುದು ಎಂಬ ಕಾರಣಕ್ಕೇ. ಆಗಲೂ ಹೇಳಿದ್ದು ಬ್ರೇಕ್ ಮತ್ತು ನ್ಯೂಟ್ರಲ್. ಸ್ವಿಚ್ ಬದಲಾಗುವವರೆಗೆ ಕ್ರೂಸ್ ಮುಟ್ಟಲೇಬೇಡಿ.

ಹಳೇಪೆಡಲ್:
ಒಂದು ಸಣ್ಣ ತಿದ್ದುಪಡಿ. ಫಾರಂನಲ್ಲಿ ವೇಗ ನಿಯಂತ್ರಣ ಎಂಬುದರ ಕೆಳಗೆ ಕ್ರೂಸ್ ದೂರೂ ಬರುತ್ತದೆ, ಆಕ್ಸಿಲರೇಟರ್ ಅಂಟಿಕೊಂಡ ದೂರೂ ಬರುತ್ತದೆ. ಎರಡನ್ನೂ ಬೆರೆಸಬೇಡಿ. ಕಾಲು ತೆಗೆದ ಮೇಲೂ ಥ್ರಾಟಲ್ ಮರಳದಿದ್ದರೆ ಅದು ಬೇರೆಯೇ ಕಾಯಿಲೆ. ಸಾಮಾನ್ಯ ಕಾರಿನಲ್ಲಿ ಅದು 1 ಸೆಕೆಂಡಿನೊಳಗೆ ಇಂಜಿನ್ ಸುಮ್ಮನೆ ತಿರುಗುವ ಸ್ಥಿತಿಗೆ, ಅಂದರೆ ಐಡಲ್‌ಗೆ ಬರಬೇಕೆಂದು ಫೆಡರಲ್ ಸುರಕ್ಷತಾ ನಿಯಮ 124 ಹೇಳುತ್ತದೆ. ಚಾಲಕನ ಕಡೆಯ ಮ್ಯಾಟ್ ಎತ್ತಿ ನೋಡಿ, ಕೊಂಡಿ ಸಿಕ್ಕಿಸಿದೆಯೇ, ಒಂದರ ಮೇಲೊಂದು ಮ್ಯಾಟ್ ಇದೆಯೇ ಎಂದು. ಟೊಯೊಟಾದ 2009ರ ದೊಡ್ಡ ರಿಕಾಲ್ ಶುರುವಾದದ್ದು ಮ್ಯಾಟಿನಿಂದಲೇ. ಇಳಿಜಾರಿನಲ್ಲಿ ಕ್ರೂಸ್ ಹಾಕಿದ್ದಾಗ ನಾಲ್ಕೈದು ಮೈಲಿ ಮೀರುವುದು ದೋಷವಲ್ಲ, ಅದನ್ನು ದೂರಿಗೆ ಸೇರಿಸಿದರೆ ಉಳಿದದ್ದರ ತೂಕವೂ ಇಳಿಯುತ್ತದೆ.

ಹೈವೇಹಕ್ಕಿ:
ಮ್ಯಾಟ್ ಸರಿಯಿದೆ. ಕೈಯಿಂದ ಒತ್ತಿ ಅಳೆದಾಗ ದೀಪದ ಸಾಲು 6 ಮಿಲಿಮೀಟರಿಗೆ, ಕ್ರೂಸಿನ ಸಾಲು ಒಮ್ಮೆ 9ಕ್ಕೆ, ಒಮ್ಮೆ 22ಕ್ಕೆ ಬದಲಾಯಿತು.

ಮಲ್ಟಿಮೀಟರ್:
ಹಾಗಾದರೆ ಸ್ವಿಚ್ಚೇ. ಹೊಸದು ಹಾಕಿಸುವ ಮುಂಚೆ ಇದೇ ಅಳತೆಯ ವೀಡಿಯೋ ಮಾಡಿಕೊಳ್ಳಿ, ಸ್ಕೇಲ್ ಮತ್ತು ಸ್ಕ್ಯಾನರ್ ಪರದೆ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ.