ಎಂಜಿನ್ 'ಹೊತ್ತುವುದು', 'ಹಿಡಿಯುವುದು': ಇಗ್ನಿಷನ್‌ಗೆ ಕನ್ನಡದಲ್ಲಿ ಏನು ಹೇಳೋಣ?

ಗೆಳೆಯರೇ, ಒಂದು ಪದದ ವಿಚಾರದಲ್ಲಿ ನಿಮ್ಮ ಸಹಾಯ ಬೇಕು.

ಕುಂದಾಪುರದ ಹತ್ತಿರದ ಗಂಗೊಳ್ಳಿಯಲ್ಲಿ ನಮ್ಮ ಚಿಕ್ಕಪ್ಪನದೊಂದು ನಾಡದೋಣಿ ಇದೆ. ಅದರ ಔಟ್‌ಬೋರ್ಡ್ (ದೋಣಿಯ ಹೊರಗೆ, ಹಿಂಬದಿಗೆ ಸಿಕ್ಕಿಸುವ) ಎಂಜಿನ್ ತುಂಬಾ ಹಳೆಯದು. ಟೂ ಸ್ಟ್ರೋಕ್, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುವಂಥದ್ದು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ರಜೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ದೋಣಿಗಳು ಆಗಲೂ ಮೀನಿಗೆ ಹೋಗಬಹುದು. ಹಾಗಾಗಿ ಮಳೆಗಾಲ ಹತ್ತಿರ ಬಂತೆಂದರೆ ಮೂಲೆಯಲ್ಲಿ ಕೂತಿದ್ದ ಎಂಜಿನ್‌ಗಳು ಹೊರಗೆ ಬರುತ್ತವೆ. ಕೆಲವು ಎಷ್ಟು ಹಗ್ಗ ಎಳೆದರೂ ಏಳುವುದಿಲ್ಲ.

ಚಿಕ್ಕಪ್ಪ ಮೆಕ್ಯಾನಿಕ್‌ಗೆ ಫೋನ್ ಮಾಡಿ "ಸ್ಟಾರ್ಟ್ ಆತಿಲ್ಲ ಮಾರಾಯ್ರೆ" ಅಂದರು. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ, "ಹೊತ್ತುದಿಲ್ಯಾ, ಹಿಡಿಯುದಿಲ್ಯಾ?" ಅಂದರೆ, ಒಳಗೆ ಬೆಂಕಿಯೇ ತಾಗುವುದಿಲ್ಲವೋ, ತಾಗಿದರೂ ಎಂಜಿನ್ ಓಡುತ್ತಾ ಉಳಿಯುವುದಿಲ್ಲವೋ ಅಂತ. ನಾನು ಪಕ್ಕದಲ್ಲೇ ಇದ್ದೆ. ಆ ಪ್ರಶ್ನೆ ಕೇಳಿದ ಮೇಲೆ ನಾನು ಬರೆದಿಟ್ಟಿದ್ದ ಹಾಳೆಯನ್ನು ಮತ್ತೆ ಮೊದಲಿನಿಂದ ಬರೆಯಬೇಕು ಅನ್ನಿಸಿತು.

ದೋಣಿಯವರಿಗೆ ಅಂತ ಒಂದು ಪುಟದ ಕನ್ನಡ ಹಾಳೆ ಮಾಡುತ್ತಿದ್ದೇನೆ. ಎಂಜಿನ್ ನಿಂತಾಗ ಯಾವುದನ್ನು ಮೊದಲು ನೋಡಬೇಕು ಅಂತ ಹೇಳುವ ಹಾಳೆ. ಅದಕ್ಕೆ 'ದಹನ ವ್ಯವಸ್ಥೆಯ ತೊಂದರೆಗಳು' ಅಂತ ತಲೆಬರಹ ಕೊಟ್ಟಿದ್ದೆ. ಅದು ತಪ್ಪು ಅಂತ ಈಗ ಅನ್ನಿಸುತ್ತಿದೆ. ದಹನ ಅಂದರೆ ಉರಿಯುವುದು. ಪಠ್ಯಪುಸ್ತಕದ 'ಅಂತರ್ದಹನ ಎಂಜಿನ್' ಅನ್ನುವಲ್ಲಿ ಅದು ಸರಿ. ಇಗ್ನಿಷನ್ ಅಂದರೆ ಆ ಉರಿ ಶುರುವಾಗುವ ಕ್ಷಣ. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರು ಎಲ್ಲಿ ಕೈ ಹಾಕಬೇಕು?

ಮೆಕ್ಯಾನಿಕ್ ಮಾಡಿದ್ದನ್ನು ಹೇಳುತ್ತೇನೆ. ಮೊದಲು ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಸಿಲಿಂಡರಿನ ತೂತಿಗೆ ಬಟ್ಟೆ ತುರುಕಿದರು, ಪೆಟ್ರೋಲಿನ ಆವಿ ಹತ್ತಿರ ಕಿಡಿ ಬೀಳಬಾರದಲ್ವಾ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್‌ಗೆ ತಾಗುವಂತೆ ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದರು. ಚಿಕ್ಕಪ್ಪ ಹಗ್ಗ ಎಳೆದರು. ಏನೂ ಕಾಣಲಿಲ್ಲ. "ಕರೆಂಟ್ ಬತ್ತಿಲ್ಲ ಕಾಣಿ" ಅಂದರು ಮೆಕ್ಯಾನಿಕ್. ಆಮೇಲೆ ನಿಲ್ಲಿಸುವ ಸ್ವಿಚ್ಚಿನ ವೈರನ್ನು ಕಳಚಿ ಇನ್ನೊಮ್ಮೆ ಎಳೆಸಿದರು. ಟಕ್ ಅಂತ ನೀಲಿ ಕಿಡಿ! ಇಂಥ ಎಂಜಿನ್‌ನಲ್ಲಿ ಆ ಸ್ವಿಚ್ ಒತ್ತಿದರೆ ಕಾಯಿಲ್‌ಗೆ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಮಾಡುವ ತಂತಿ ಸುರುಳಿಗೆ) ಹೋಗಬೇಕಾದ ಕರೆಂಟು ಎಂಜಿನ್ನಿನ ಮೈಗೆ ಇಳಿದುಹೋಗುತ್ತದೆ, ಎಂಜಿನ್ ನಿಲ್ಲುತ್ತದೆ. ಉಪ್ಪುನೀರು ಒಳಗೆ ಸೇರಿ ಅದು ಯಾವಾಗಲೂ ಒತ್ತಿದ ಹಾಗೇ ಆಗಿತ್ತು. ಅಂಗಡಿಯ ಮಾತಿನಲ್ಲಿ 'ಅರ್ತ್ ಆಗಿದೆ'. ಇದನ್ನು ಹಾಳೆಯಲ್ಲಿ ಹಾಗೇ ಉಳಿಸಿಕೊಂಡಿದ್ದೇನೆ, ಬದಲಿಸುವ ಮನಸ್ಸಿಲ್ಲ.

ಕಿಡಿ ಬಂತು, ಆದರೂ ಎಂಜಿನ್ ಏಳಲಿಲ್ಲ. ಪ್ಲಗ್ ಒದ್ದೆ, ಸೀಮೆಎಣ್ಣೆಯ ವಾಸನೆ. ಹಿಂದಿನ ಸಲ ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸಿರಲಿಲ್ಲ. ತಣ್ಣಗಿನ ಎಂಜಿನ್‌ನಲ್ಲಿ ಸೀಮೆಎಣ್ಣೆ ಸುಲಭಕ್ಕೆ ಆವಿಯಾಗುವುದಿಲ್ಲ. ಕಿಡಿ ಇದ್ದರೂ ಹೊತ್ತುವುದಿಲ್ಲ. ಒರೆಸಿ, ಒಣಗಿಸಿ, ಪೆಟ್ರೋಲ್ ಕೊಟ್ಟ ಮೇಲೆ ಹೊತ್ತಿತು. ಡುಗ್ ಡುಗ್ ಅಂದು ನಿಂತಿತು. ಮತ್ತೆ ಎಳೆದಾಗ ಹಿಡಿಯಿತು.

ನೋಡಿ, ಮೂರು ಹಂತ, ಮೂರು ಮಾತು. ಕಿಡಿ ಬರುವುದು, ಹೊತ್ತುವುದು, ಹಿಡಿಯುವುದು. 'ಸ್ಟಾರ್ಟ್ ಆಗಲ್ಲ' ಅನ್ನುವುದರಲ್ಲಿ ಮೂರೂ ಕಲಸಿಹೋಗುತ್ತವೆ. ಕಿಡಿ ಇಲ್ಲದಿದ್ದರೆ ಕಾಯಿಲ್, ವೈರು, ಸ್ವಿಚ್ಚು, ಹಳೇ ಎಂಜಿನ್ ಆದರೆ ಪಾಯಿಂಟ್ (ಕರೆಂಟನ್ನು ಸರಿಯಾದ ಹೊತ್ತಿಗೆ ಕಡಿಯುವ ಭಾಗ) ನೋಡಬೇಕು. ಕಿಡಿ ಇದ್ದೂ ಹೊತ್ತದಿದ್ದರೆ ಎಣ್ಣೆಯ, ಅಂದರೆ ಇಂಧನದ, ಕಡೆ ಹೋಗಬೇಕು. ಡೀಸೆಲ್ ಬೋಟಿಗೆ ಕಿಡಿಯೇ ಇಲ್ಲ, ಒತ್ತಡಕ್ಕೆ ಕಾದ ಗಾಳಿಯಲ್ಲೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ 'ಹೊತ್ತು' ಎರಡಕ್ಕೂ ಸಲ್ಲುವ ಪದ, 'ಕಿಡಿ' ಪೆಟ್ರೋಲ್ ಎಂಜಿನ್‌ಗೆ ಮಾತ್ರ.

ಈ 'ಹೊತ್ತು' ಹಳಗನ್ನಡದ 'ಪೊತ್ತು'. ತುಳುವಿನಲ್ಲಿ ಇಂದಿಗೂ ದೀಪ 'ಪೊತ್ತಾವುನಿ' ಅನ್ನುತ್ತಾರೆ, ಹಳೆಯ ಪಕಾರ ಅಲ್ಲಿ ಉಳಿದಿದೆ. ನಾವು ಬೀಡಿ ಹತ್ತಿಸುತ್ತೇವೆ, ದೀಪ ಹಚ್ಚುತ್ತೇವೆ, ಒಲೆ ಹೊತ್ತಿಸುತ್ತೇವೆ. ಇಷ್ಟೊಂದು ಪದ ಕೈಯಲ್ಲಿಟ್ಟುಕೊಂಡು ಎಂಜಿನ್‌ಗೆ ಮಾತ್ರ 'ಜ್ವಲನ' ಯಾಕೆ?

ಒಂದು ತೊಡಕಿದೆ. ಅಡುಗೆಮನೆಯಲ್ಲಿ 'ಅನ್ನ ಹೊತ್ತಿದೆ' ಅಂದರೆ ತಳ ಸೀದಿದೆ ಅಂತ. ಹಾಳೆಯಲ್ಲಿ 'ಪ್ಲಗ್ ಹೊತ್ತುತ್ತಿಲ್ಲ' ಅಂತ ಬರೆದಿದ್ದೆ. ಚಿಕ್ಕಮ್ಮ ಓದಿ, "ಪ್ಲಗ್ ಸುಟ್ಟು ಹೋಗ್ಲಿಲ್ಲ ಅಂತಲಾ?" ಅಂತ ಕೇಳಿದರು. ಅವರು ಕೇಳಿದ್ದು ಸರಿಯಾಗಿತ್ತು. ಹೊತ್ತುವುದು ಎಣ್ಣೆ, ಪ್ಲಗ್ ಅಲ್ಲ. ಈಗ 'ಪ್ಲಗ್ಗಿಗೆ ಕಿಡಿ ಬರುತ್ತಿಲ್ಲ', 'ಎಣ್ಣೆ ಹೊತ್ತಿಕೊಳ್ಳುತ್ತಿಲ್ಲ' ಅಂತ ಬೇರೆ ಮಾಡಿದ್ದೇನೆ. ಹಾಳಾದದ್ದಕ್ಕೆ 'ಸುಟ್ಟಿದೆ' ಅಂತಲೇ ಇಟ್ಟಿದ್ದೇನೆ.

ನನ್ನ ಪ್ರಶ್ನೆಗಳಿಗೆ ಬರುತ್ತೇನೆ. ಕಾಯಿಲ್, ಪ್ಲಗ್, ವೈರು ಎಲ್ಲ ಸೇರಿದ ಇಗ್ನಿಷನ್ ಸಿಸ್ಟಮ್‌ಗೆ 'ಕಿಡಿ ವ್ಯವಸ್ಥೆ' ಅಂದರೆ ನಿಮಗೆ ತಟ್ಟನೆ ಅರ್ಥವಾಗುತ್ತದೆಯೇ? ಘಟ್ಟದ ಮೇಲಿನವರು, ಉತ್ತರ ಕರ್ನಾಟಕದವರು ಪಂಪ್‌ಸೆಟ್ಟಿಗೋ ಬೈಕಿಗೋ 'ಹೊತ್ತು' ಬಳಸುತ್ತೀರಾ, 'ಹತ್ತು' ಅನ್ನುತ್ತೀರಾ?

ಇನ್ನೊಂದು ಪದ ನನಗೆ ಸಿಕ್ಕಿಲ್ಲ. ಆ ಸ್ವಿಚ್ಚಿನ ವೈರಿನ ಸಿಪ್ಪೆ ಸುಲಿದಾಗ ಒಳಗಿನ ತಾಮ್ರ ಹಸಿರಾಗಿತ್ತು. ಅದು ಕಿಲುಬು. ಕಬ್ಬಿಣದ ಬೋಲ್ಟಿನ ಮೇಲೆ ತುಕ್ಕು. ಆದರೆ ಎಂಜಿನ್ನಿನ ಅಲ್ಯೂಮಿನಿಯಂ ಮೈಮೇಲೆ, ಅರ್ತ್ ವೈರ್ ಕೂರುವ ಜಾಗದಲ್ಲಿ, ಬೆರಳಿಗೆ ಹಿಟ್ಟಿನ ಹಾಗೆ ಅಂಟುವ ಬಿಳಿ ಪುಡಿ ಇತ್ತಲ್ಲ, ಅದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?