ಕ್ವಾರಿಯಿಂದ ಹಳ್ಳ ಬಗ್ಗಡವಾಗುತ್ತಿದೆ: ಆಕ್ಷೇಪಣೆಗೆ ಎಂಥ ಪುರಾವೆ ಬೇಕು?

ಹಳ್ಳದಂಡೆ:
ಹಳ್ಳದ ಮೇಲ್ಗಡೆ ಕಲ್ಲು ಕ್ವಾರಿ, ಪಕ್ಕದಲ್ಲೇ ಕ್ರಷರ್. ಈಗ ಗುಂಡಿಯನ್ನು ಇನ್ನೂ ಆಳ ಮಾಡಿ ಹಳ್ಳದ ಕಡೆಗೇ ವಿಸ್ತರಿಸಲು ಅರ್ಜಿ ಹಾಕಿದ್ದಾರೆ. ಜೋರು ಮಳೆ ಬಿದ್ದ ಅರ್ಧ ಗಂಟೆಯಲ್ಲಿ ನೀರು ಬೂದಿ ಬಣ್ಣಕ್ಕೆ ತಿರುಗುತ್ತದೆ, ಮಳೆ ನಿಂತು ಎರಡು ದಿನವಾದರೂ ತಿಳಿಯಾಗುವುದಿಲ್ಲ. ಮಡುವಿನ ಉರುಟುಗಲ್ಲು ಎತ್ತಿದರೆ ಅಡಿಗೆ ಸಿಮೆಂಟ್ ಕಲಸಿದಂಥ ನುಣುಪು ರಾಡಿ ಮೆತ್ತಿಕೊಂಡಿರುತ್ತದೆ. ಬೇಸಿಗೆಯ ಹರಿವೂ ಕಡಿಮೆಯಾಗಿದೆ. ಕ್ವಾರಿಯವರು ಹೇಳುವುದು ಇಷ್ಟೇ: "ಮಳೆ ಬಂದರೆ ಯಾವ ಹಳ್ಳವಾದರೂ ಕದಡುತ್ತದೆ, ನಮ್ಮಲ್ಲಿ ಹೂಳುಗುಂಡಿ ಇದೆ." ನಿವಾಸಿಗಳೆಲ್ಲ ಸೇರಿ ಆಕ್ಷೇಪಣೆ ಸಲ್ಲಿಸುತ್ತಿದ್ದೇವೆ. ಫೋಟೊ ಬಿಟ್ಟು ಇನ್ನೇನು ಸಂಗ್ರಹಿಸಬೇಕು? ಯಾವ ಷರತ್ತು ಕೇಳಬೇಕು?

ಮಟ್ಟಗೋಲು:
ಕ್ವಾರಿಯ ಕೆಳಗಿನ ಒಂದು ಬಾಟಲಿ ನೀರಿನಿಂದ ಏನೂ ಸಾಬೀತಾಗುವುದಿಲ್ಲ. ಕ್ವಾರಿ ನೀರು ಸೇರುವ ಜಾಗಕ್ಕಿಂತ ಮೇಲೆ ಒಂದು, ಕೆಳಗೆ ಒಂದು, ಒಂದೇ ಹೊತ್ತಿಗೆ ತೆಗೆದ ಜೋಡಿ ಮಾದರಿ ಬೇಕು. ನಡುವೆ ಬೇರೆ ತೊರೆ ಸೇರುತ್ತಿದ್ದರೆ ಅದರದ್ದೂ ಪ್ರತ್ಯೇಕವಾಗಿ. ಸಾಧ್ಯವಾದರೆ ಕ್ವಾರಿ ಇಲ್ಲದ ಪಕ್ಕದ ಹಳ್ಳದಲ್ಲೂ ಅದೇ ಮಳೆಯ ದಿನ ಮಾದರಿ ಹಿಡಿಯಿರಿ. "ಎಲ್ಲ ಹಳ್ಳವೂ ಕದಡುತ್ತದೆ" ಎನ್ನುವ ಮಾತಿಗೆ ಉತ್ತರ ಸಿಗುವುದು ಅಲ್ಲಿ.

ಹೊತ್ತು ಬಹಳ ಮುಖ್ಯ. ಹರಿವು ಏರುವ ಮೊದಲ ಹಂತದಲ್ಲೇ ಹೂಳು ಸಾಮಾನ್ಯವಾಗಿ ಅತಿ ಹೆಚ್ಚು ಇರುತ್ತದೆ. ಮಳೆ ನಿಂತ ಮೇಲೆ ನಿಧಾನವಾಗಿ ಹೋದರೆ ಅದು ಕೈತಪ್ಪುತ್ತದೆ. ಏರಿಕೆ ಶುರುವಾದಾಗಿನಿಂದ ಎರಡು ಗಂಟೆ, ಪ್ರತಿ 15–30 ನಿಮಿಷಕ್ಕೊಂದು ಬಾಟಲಿ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಬಾಯಿ ಹರಿವಿಗೆ ಎದುರಾಗಿಟ್ಟು, ನೀವು ಬಾಟಲಿಗಿಂತ ಹರಿವಿನ ಕೆಳದಿಕ್ಕಿನಲ್ಲಿ ನಿಂತು, ನಡು ಆಳದಲ್ಲಿ ತುಂಬಿ. ತಳ ಕದಡಿದರೆ ಆ ಮಾದರಿ ಬಿಸಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿಯಿರಿ. ಚೀಟಿಯಲ್ಲಿ ಜಾಗದ ಜಿಪಿಎಸ್, ದಿನಾಂಕ, ಗಂಟೆ, ಹಿಡಿದವರ ಸಹಿ ಇರಲಿ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು 7 ದಿನದೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ, ತೇಲು ಘನವಸ್ತುವಿನ (ನೀರಿನಲ್ಲಿ ಕರಗದೆ ತೇಲಾಡುವ ಕಣಗಳ) ಪರೀಕ್ಷೆ ಕೇಳಿ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಬರಹ ಇಲ್ಲದಿದ್ದರೆ ಎದುರು ಪಕ್ಷ ಮೊದಲು ಹಿಡಿಯುವುದೇ ಅದನ್ನು.

ಹರಿವನ್ನೂ ಅಳೆಯಿರಿ. ನೇರವಾದ 10 ಮೀಟರ್ ಉದ್ದ ಗುರುತು ಮಾಡಿ, ಅರ್ಧ ಮುಳುಗುವ ವಸ್ತು ತೇಲಿಬಿಟ್ಟು, ಐದು ಸಲದ ಸರಾಸರಿ ತೆಗೆಯಿರಿ. ಮೇಲ್ಪದರದ ವೇಗ ಹೆಚ್ಚಿರುವುದರಿಂದ 0.85ರಿಂದ ಗುಣಿಸಬೇಕು. ಅಗಲ 2 ಮೀಟರ್, ಸರಾಸರಿ ಆಳ 20 ಸೆಂ.ಮೀ., 10 ಮೀಟರ್‌ಗೆ 40 ಸೆಕೆಂಡ್ ಎಂದರೆ ಸೆಕೆಂಡಿಗೆ 85 ಲೀಟರ್. ಪರೀಕ್ಷೆಯಲ್ಲಿ ಹೂಳು ಮೇಲೆ ಲೀಟರಿಗೆ 40 ಮಿ.ಗ್ರಾಂ., ಕೆಳಗೆ 440 ಬಂತು, ನಡುವೆ ಹರಿವು ಹೆಚ್ಚೇನೂ ಬದಲಾಗಿಲ್ಲ ಅಂದುಕೊಳ್ಳಿ. ಗಂಟೆಗೆ ಸುಮಾರು 122 ಕೆ.ಜಿ. ಹೂಳು ಆ ನಡುವಿನ ಜಾಗದಿಂದ ಹಳ್ಳಕ್ಕೆ ಇಳಿಯುತ್ತಿದೆ ಎಂದರ್ಥ. ಮಿ.ಗ್ರಾಂ. ಲೆಕ್ಕ ಯಾರ ಮನಸ್ಸಿಗೂ ನಾಟುವುದಿಲ್ಲ, ಇದು ನಾಟುತ್ತದೆ.

ಕಣಲೆಕ್ಕ:
"ಹೂಳುಗುಂಡಿ ಇದೆ" ಎಂದರೆ ಸಾಲದು, ಎಷ್ಟು ವಿಸ್ತೀರ್ಣದ್ದು ಎಂದು ಕೇಳಿ. ಕಲ್ಲಿನ ಕಣ ನಿಂತ ನೀರಿನಲ್ಲಿ ಇಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತದೆ. 0.1 ಮಿ.ಮೀ. ಕಣ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ, 0.01 ಮಿ.ಮೀ. ಕಣಕ್ಕೆ ಮೂರು ಗಂಟೆ, 0.001 ಮಿ.ಮೀ. ಕಣಕ್ಕೆ ಹೆಚ್ಚುಕಡಿಮೆ ಎರಡು ವಾರ. ಎರಡು ದಿನವಾದರೂ ನೀರು ತಿಳಿಯಾಗದೆ ಇರುವುದು ಕ್ರಷರ್‌ನ ನುಣ್ಣನೆ ಪುಡಿಯಿಂದ ಇರಬಹುದು.

ಲೆಕ್ಕ ಹೀಗಿದೆ. ಬೋಳು ನೆಲ ಒಂದು ಹೆಕ್ಟೇರ್, ಗಂಟೆಗೆ 50 ಮಿ.ಮೀ. ಮಳೆ, ಅದರಲ್ಲಿ ಶೇ 70 ಹರಿದುಬಂದರೆ ಗಂಟೆಗೆ 350 ಘನ ಮೀಟರ್. ಇದನ್ನು ಕಣ ಇಳಿಯುವ ವೇಗದಿಂದ ಭಾಗಿಸಿದರೆ, 0.01 ಮಿ.ಮೀ. ಕಣ ಹಿಡಿಯಲು ಹೂಳುಗುಂಡಿಯ ನೀರಿನ ಮೇಲ್ಮೈ ಸುಮಾರು 1,080 ಚದರ ಮೀಟರ್ ಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಆಳಕ್ಕಿಂತ ಹೆಚ್ಚಾಗಿ ವಿಸ್ತೀರ್ಣ. ಒಳಹರಿವು, ಹೊರಹರಿವು ಎರಡೂ ಒಂದೇ ಮೂಲೆಯಲ್ಲಿದ್ದರೆ ನೀರು ನೇರ ದಾಟಿಹೋಗುತ್ತದೆ, ದೊಡ್ಡ ಗುಂಡಿಯೂ ವ್ಯರ್ಥ. ಮೂರನೇ ಒಂದು ಭಾಗ ಹೂಳು ತುಂಬುತ್ತಲೇ ತೆಗೆಯಬೇಕು, ತೆಗೆದದ್ದನ್ನು ಹಳ್ಳದ ದಂಡೆಯಲ್ಲಿ ಸುರಿಯಬಾರದು.

ಇನ್ನೊಂದು ಮಾತು. ಎಲ್ಲರ ಕಣ್ಣು ಕ್ವಾರಿ ಗುಂಡಿಯ ಮೇಲೆ, ಆದರೆ ಲಾರಿ ಓಡಾಡುವ ದಾರಿಯೇ ಎಷ್ಟೋ ಕಡೆ ದೊಡ್ಡ ಅಪರಾಧಿ. ಚಕ್ರಕ್ಕೆ ಸಿಕ್ಕಿ ನುಣ್ಣಗಾದ ಪುಡಿ ಮೊದಲ ಮಳೆಗೇ ರಸ್ತೆ ಬದಿಯ ಚರಂಡಿ ಹಿಡಿದು ಹೂಳುಗುಂಡಿಗೆ ಹೋಗದೆ ನೇರ ಹಳ್ಳ ಸೇರುತ್ತದೆ. ಮಳೆಯಲ್ಲಿ ಆ ಚರಂಡಿಗಳನ್ನು ನಡೆದು ನೋಡಿ, ಪ್ರತಿ ಬಾಯಿಯಲ್ಲೂ ಮಾದರಿ ಹಿಡಿಯಿರಿ.

ಹಳ್ಳದಂಡೆ:
ಬಹಳ ಉಪಕಾರವಾಯಿತು. ಎರಡು ಸಂಶಯ. ಔಷಧ ಹಾಕಿ ನೀರು ತಿಳಿ ಮಾಡಿ ಬಿಡುತ್ತೇವೆ ಎನ್ನುತ್ತಿದ್ದಾರೆ, ಮೀನಿಗೆ ತೊಂದರೆಯಿಲ್ಲವೇ? ಬೇಸಿಗೆ ಹರಿವು ಇಳಿದದ್ದು ಕ್ವಾರಿಯಿಂದಲೇ ಎಂದು ತೋರಿಸುವುದು ಹೇಗೆ?

ಒರತೆ:
ಔಷಧದ ಹೆಸರು ಬರೆದು ಕೊಡಲು ಹೇಳಿ. ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸಲು ಹಾಕುವ ಧನ ವಿದ್ಯುದಂಶದ ಪಾಲಿಮರ್ ಮೀನಿನ ಕಿವಿರಿಗೆ ಅಂಟುತ್ತದೆ, ಕೊಂಚ ಹೆಚ್ಚಾದರೂ ಅಪಾಯ. ಋಣ ವಿದ್ಯುದಂಶದ್ದು ಮೀನಿಗೆ ಹೋಲಿಕೆಯಲ್ಲಿ ಸುರಕ್ಷಿತ. ಆಲಂ (ಪಟಿಕ) ಬಳಸಿದರೆ ನೀರಿನ ಪಿಎಚ್ ಇಳಿಯುತ್ತದೆ, ಅದನ್ನು ಅಳೆಯದೆ ಹೊರಬಿಡಬಾರದು.

ಹರಿವಿನ ವಿಷಯ. ಕ್ವಾರಿ ಗುಂಡಿಯ ತಳ ಅಂತರ್ಜಲ ಮಟ್ಟಕ್ಕಿಂತ ಕೆಳಗಿಳಿದರೆ ಪಂಪ್ ಮಾಡಲೇಬೇಕು, ಪಂಪ್ ಮಾಡಿದಂತೆ ಸುತ್ತಲಿನ ನೀರೆಲ್ಲ ಗುಂಡಿಯ ಕಡೆ ವಾಲುತ್ತದೆ, ಹಳ್ಳಕ್ಕೆ ಬರುತ್ತಿದ್ದ ಒರತೆ ತಪ್ಪುತ್ತದೆ. ಕ್ವಾರಿಗೆ ಹತ್ತಿರ, ನಡುದೂರ, ಬಲು ದೂರ ಹೀಗೆ ಮೂರು ಬಾವಿ ಆರಿಸಿ. ವಾರಕ್ಕೊಮ್ಮೆ, ಬೆಳಿಗ್ಗೆ ಮೋಟಾರ್ ಹಾಕುವ ಮುಂಚೆ, ಬಾವಿಕಟ್ಟೆಯ ಒಂದೇ ಗುರುತಿನಿಂದ ನೀರಿನ ಮಟ್ಟ ಅಳೆಯಿರಿ. ಜೊತೆಗೆ ಮಳೆಮಾಪಕದ ಲೆಕ್ಕ. ಮಳೆ ಕಡಿಮೆಯಾಗಿದ್ದರೆ ಮೂರೂ ಇಳಿಯುತ್ತವೆ. ಹತ್ತಿರದ್ದು ಮಾತ್ರ ಹೆಚ್ಚು ಇಳಿದರೆ ಬೆರಳು ಗುಂಡಿಯ ಕಡೆ ತೋರಿಸುತ್ತದೆ.

ಒಂದು ಮೋಸ ಹೋಗುವ ಜಾಗವಿದೆ: ಗುಂಡಿಯಿಂದ ಎತ್ತಿದ ನೀರನ್ನೇ ಹಳ್ಳಕ್ಕೆ ಬಿಟ್ಟರೆ ಕೆಳಗಡೆ ಹರಿವು ಚೆನ್ನಾಗಿಯೇ ಕಾಣುತ್ತದೆ. ಪಂಪ್ ನಿಂತ ದಿನ ಹಳ್ಳವೂ ನಿಲ್ಲುತ್ತದೆ. ಅದಕ್ಕೇ ಪಂಪ್ ಓಡಿದ ಗಂಟೆಗಳ ದಾಖಲೆ ಬೇಕು. ಆ ನೀರಿನಲ್ಲಿ ನೈಟ್ರೇಟ್, ಅಮೋನಿಯಾ ಪರೀಕ್ಷೆಯನ್ನೂ ಮಾಡಿಸಿ. ಬಂಡೆ ಸಿಡಿಸಲು ಬಳಸುವ ಎಎನ್‌ಎಫ್‌ಒ ಎಂಬ ಸ್ಫೋಟಕದಲ್ಲಿ ಸುಮಾರು ಶೇ 94 ಅಮೋನಿಯಂ ನೈಟ್ರೇಟ್. ಒದ್ದೆ ಕುಳಿಯಲ್ಲಿ ಕರಗಿದ್ದು, ಸಿಡಿಯದೆ ಉಳಿದದ್ದು ಎಲ್ಲ ನೀರಿಗೇ. ಮೇಲಿನ ಹೊಲಗಳ ಗೊಬ್ಬರದಿಂದಲೂ ನೈಟ್ರೇಟ್ ಬರುತ್ತದೆ, ಆದ್ದರಿಂದ ಇಲ್ಲೂ ಮೇಲೆ-ಕೆಳಗೆ ಜೋಡಿ ಮಾದರಿಯೇ ಆಗಬೇಕು.

ಮಟ್ಟಗೋಲು:
ಷರತ್ತು ಕೇಳುವಾಗ "ಹಳ್ಳ ಉಳಿಸಿ" ಎಂದಷ್ಟೇ ಬರೆದರೆ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂಬ ಉತ್ತರ ಬರುತ್ತದೆ. ಅಳೆಯಬಹುದಾದದ್ದನ್ನೇ ಕೇಳಿ. ಹಳ್ಳದಿಂದ ಇಷ್ಟು ಮೀಟರ್ ಒಳಗೆ ಅಗೆತ, ರಾಶಿ, ದಾರಿ ಯಾವುದೂ ಬೇಡ, ಗಡಿಕಲ್ಲು ನೆಡಬೇಕು. ಮೇಲಿನ ಗುಡ್ಡದ ತಿಳಿನೀರು ಕ್ವಾರಿಗೆ ನುಗ್ಗದಂತೆ ಸುತ್ತುಗಾಲುವೆ ತೆಗೆಯಬೇಕು, ಇದರಿಂದ ಹೂಳುಗುಂಡಿಯ ಹೊರೆಯೂ ಇಳಿಯುತ್ತದೆ. ಡೀಸೆಲ್ ಟ್ಯಾಂಕಿನ ಸುತ್ತ ಅದರ ಶೇ 110ರಷ್ಟು ಹಿಡಿಯುವ ಕಟ್ಟೆ ಇರಬೇಕು. ಹೊರಬಿಡುವ ಬಾಯಿಯಲ್ಲಿ ಬಗ್ಗಡ ಅಳೆಯುವ ಮೀಟರ್, ಮಿತಿ ದಾಟಿದರೆ ಪಂಪ್ ತಾನೇ ನಿಲ್ಲುವ ವ್ಯವಸ್ಥೆ, ಆ ಅಂಕಿಗಳು ನಿವಾಸಿಗಳಿಗೂ ಸಿಗುವಂತಿರಬೇಕು.

ವಿಸ್ತರಣೆಗೆ ಅನುಮತಿ ಸಿಗುವ ಮೊದಲೇ ಒಂದು ವರ್ಷದ ಅಳತೆ ಕೂಡಿಡಿ. ಅಗೆತ ಶುರುವಾದ ಮೇಲೆ "ಮೊದಲು ಹೇಗಿತ್ತು" ಎಂಬುದನ್ನು ಅಳೆದು ತೋರಿಸಲು ಬರುವುದಿಲ್ಲ. ಮುಚ್ಚುವ ಯೋಜನೆಯನ್ನೂ ಈಗಲೇ ಓದಿ: ಪಂಪ್ ನಿಲ್ಲಿಸಿದ ಮೇಲೆ ಗುಂಡಿ ತುಂಬಿ ನೀರು ಯಾವ ಮಟ್ಟದಲ್ಲಿ, ಯಾವ ಕಡೆಯಿಂದ ಹೊರಬೀಳುತ್ತದೆ ಎಂದು ನಕ್ಷೆಯ ಮೇಲೆ ತೋರಿಸಲು ಹೇಳಿ.