ಸ್ಟೋರೇಜ್ ನೆಟ್‌ವರ್ಕಿನ ಬಳಕೆ ಶೇ. 25ರಷ್ಟೇ ಇದ್ದರೂ ಡೇಟಾಬೇಸ್ ನಿಧಾನವಾಗುವುದೇಕೆ?

ಪ್ರಶ್ನೆ – ಮಡಿಕೇರಿಯಿಂದ

ಎಲ್ಲರಿಗೂ ನಮಸ್ಕಾರ. ಬೆಳೆಗಾರರಿಂದ ಕಾಫಿ ಖರೀದಿಸುವ ಸಂಸ್ಥೆಯೊಂದರ ಸರ್ವರ್ ಕೊಠಡಿಯನ್ನು ನಾನು ನೋಡಿಕೊಳ್ಳುತ್ತೇನೆ. ಕೊಯ್ಲು ಆರಂಭವಾದಂದಿನಿಂದ ಪ್ರತಿದಿನ ಬೆಳಿಗ್ಗೆ 10ರಿಂದ 11ರವರೆಗೆ ಬಿಲ್ಲಿಂಗ್ ತಂತ್ರಾಂಶ ಬಹಳ ನಿಧಾನವಾಗುತ್ತಿದೆ. ತೂಕದ ಚೀಟಿಯ ಸಂಖ್ಯೆಯನ್ನು ನಮೂದಿಸಿದ ಮೇಲೆ ಬೆಳೆಗಾರರ ಖಾತೆ ತೆರೆದುಕೊಳ್ಳಲು ಅರ್ಧ ನಿಮಿಷ ಹಿಡಿಯುತ್ತದೆ. ನಸುಕಿನಲ್ಲೇ ಜೀಪಿಗೆ ಚೀಲ ಹೇರಿಕೊಂಡು ಬಂದವರು ಕೌಂಟರಿನ ಮುಂದೆ ನಿಂತೇ ಇರುತ್ತಾರೆ.

ನಮ್ಮಲ್ಲಿ ಎರಡು ಫೈಬರ್ ಚಾನೆಲ್ ಫ್ಯಾಬ್ರಿಕ್‌ಗಳಿವೆ, ಅಂದರೆ ಸರ್ವರ್‌ಗಳನ್ನು ಸ್ಟೋರೇಜ್‌ಗೆ ಜೋಡಿಸುವ ಎರಡು ಪ್ರತ್ಯೇಕ ಜಾಲಗಳು. ಪ್ರತಿಯೊಂದರಲ್ಲೂ ಮುಂದಿನ ಕಟ್ಟಡದಲ್ಲಿ ಒಂದು, ಹಿಂದಿನ ಕಟ್ಟಡದಲ್ಲಿ ಒಂದು ಬ್ರೋಕೇಡ್ ಕಂಪನಿಯ ಸ್ವಿಚ್ ಇದ್ದು, ಅವೆರಡನ್ನೂ 16 ಗಿಗಾಬಿಟ್‌ನ ಒಂದೇ ಕೊಂಡಿ ಬೆಸೆಯುತ್ತದೆ. ಸರ್ವರ್‌ಗಳೆಲ್ಲ ಮುಂದಿನ ಕಟ್ಟಡದಲ್ಲಿ, ಸ್ಟೋರೇಜ್ ಅರೇ (ಡಿಸ್ಕ್‌ಗಳ ಸಮೂಹ) ಹಿಂದಿನ ಕಟ್ಟಡದಲ್ಲಿದೆ. ಡೇಟಾಬೇಸ್ ಸರ್ವರ್‌ನಲ್ಲಿ ‘ಐಒಸ್ಟ್ಯಾಟ್’ ನಡೆಸಿದರೆ ಓದುವ ವಿಳಂಬ 40 ಮಿಲಿಸೆಕೆಂಡ್ ದಾಟುತ್ತದೆ, ಆದರೆ ಅರೇಯ ಪರದೆಯಲ್ಲಿ ಅದೇ ಹೊತ್ತಿಗೆ 3 ಮಿಲಿಸೆಕೆಂಡ್ ಎಂದಿರುತ್ತದೆ. ಅರೇಯ ಪೋರ್ಟ್‌ಗಳನ್ನೂ ಸ್ವಿಚ್‌ಗಳ ನಡುವಿನ ಕೊಂಡಿಯನ್ನೂ ಐದು ನಿಮಿಷಕ್ಕೊಮ್ಮೆ ಅಳೆಯುತ್ತೇನೆ. ಕೊಂಡಿಯ ಬಳಕೆ ಶೇ. 25ರ ಆಸುಪಾಸಿನಲ್ಲಿ ಚಪ್ಪಟೆಯಾಗಿ ನಿಲ್ಲುತ್ತದೆ. ಮುಕ್ಕಾಲು ಭಾಗ ಖಾಲಿ ಇರುವ ಕೊಂಡಿಯ ಮೇಲೆ ತಪ್ಪು ಹೊರಿಸಲು ಮನಸ್ಸು ಒಪ್ಪುತ್ತಿಲ್ಲ. ನಾನು ನೋಡದೆ ಬಿಟ್ಟಿರುವ ಅಂಕಿ ಯಾವುದೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ – ವಿರಾಜಪೇಟೆಯಿಂದ

ಮೊದಲು ಕೇಬಲ್‌ಗಳನ್ನು ನೋಡಿಬಿಡಿ ಸರ್, ಅದಕ್ಕೆ ಹತ್ತು ನಿಮಿಷ ಸಾಕು. ಸ್ವಿಚ್‌ನಲ್ಲಿ ‘ಪೋರ್ಟ್‌ಎರ್‌ಶೋ’ ಆದೇಶ ಕೊಟ್ಟರೆ ಸಿಆರ್‌ಸಿ ದೋಷಗಳಿಗೆ, ಅಂದರೆ ದಾರಿಯಲ್ಲಿ ಕೆಟ್ಟ ಫ್ರೇಮ್‌ಗಳಿಗೆ (ದತ್ತಾಂಶದ ತುಣುಕುಗಳಿಗೆ), ಎರಡು ಕಾಲಂ ಕಾಣುತ್ತವೆ. ‘ಜಿ_ಇಒಎಫ್’ ಎಂಬ ಕಾಲಂನಲ್ಲಿ ಎಣಿಕೆ ಏರುತ್ತಿದ್ದರೆ ಫ್ರೇಮ್ ಕೆಟ್ಟದ್ದು ಅದೇ ಕೊಂಡಿಯಲ್ಲಿ ಎಂದರ್ಥ. ಇನ್ನೊಂದು ಕಾಲಂ ಮಾತ್ರ ಏರುತ್ತಿದ್ದರೆ ಫ್ರೇಮ್ ಬೇರೆಲ್ಲೋ ಕೆಟ್ಟು ಇಲ್ಲಿಗೆ ಬಂದಿದೆ. ‘ಎಸ್‌ಎಫ್‌ಪಿಶೋ’ದಲ್ಲಿ ಒಳಬರುವ ಬೆಳಕಿನ ಪ್ರಮಾಣವನ್ನೂ ನೋಡಿ. ನಮ್ಮ ಕಡೆ ಮಳೆಗಾಲದ ಚಳಿಗೆ ಎ.ಸಿ. ಆರಿಸಿ ಸರ್ವರ್ ಕೊಠಡಿಯ ಕಿಟಕಿ ತೆರೆದಿಡುವ ಅಭ್ಯಾಸವಿದೆ. ಹಾಗೆ ಒಳನುಗ್ಗಿದ ಮಂಜು ಮತ್ತು ಧೂಳು ಕನೆಕ್ಟರ್‌ನ ತುದಿಯಲ್ಲಿ ಕುಳಿತು, ವಾರಗಟ್ಟಲೆ ನನ್ನನ್ನು ಅಲೆದಾಡಿಸಿದ್ದುಂಟು.

ಉತ್ತರ – ಕುಶಾಲನಗರದಿಂದ

ಕೇಬಲ್ ನೋಡುವುದು ಒಳ್ಳೆಯದೇ. ಆದರೆ ದಿನವೂ ಒಂದೇ ಹೊತ್ತಿಗೆ ಬಂದು ಹೋಗುವ ತೊಂದರೆ ಧೂಳಿನಿಂದ ಆಗುವುದು ಅಪರೂಪ. ನನ್ನ ಗಮನ ಸೆಳೆದದ್ದು ನೀವು ಬರೆದ ‘ಶೇ. 25, ಚಪ್ಪಟೆ’ ಎಂಬ ಮಾತು. 16 ಗಿಗಾಬಿಟ್ ಕೊಂಡಿಯ ಕಾಲು ಭಾಗವೆಂದರೆ 4 ಗಿಗಾಬಿಟ್, ಅಂದರೆ ಸೆಕೆಂಡಿಗೆ ಸುಮಾರು 400 ಮೆಗಾಬೈಟ್. ನಿಮ್ಮ ಸರ್ವರ್‌ಗಳಲ್ಲಿ 4 ಗಿಗಾಬಿಟ್‌ನ ಹಳೆಯ ಎಚ್‌ಬಿಎ ಕಾರ್ಡ್ (ಸರ್ವರನ್ನು ಈ ಜಾಲಕ್ಕೆ ಜೋಡಿಸುವ ಕಾರ್ಡ್) ಇರುವಂಥದ್ದು ಯಾವುದಾದರೂ ಇದೆಯೇ? 16 ಗಿಗಾಬಿಟ್‌ನ ಸ್ವಿಚ್ ಪೋರ್ಟ್ ಅಂಥ ಕಾರ್ಡಿಗೆ ಹೊಂದಿಕೊಂಡು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ, ಆದ್ದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಫೈಬರ್ ಚಾನೆಲ್‌ನಲ್ಲಿ ಎದುರಿನ ಪೋರ್ಟ್ ‘ನನ್ನಲ್ಲಿ ಜಾಗವಿದೆ’ ಎಂದು ಬಫರ್ ಕ್ರೆಡಿಟ್ ಕೊಟ್ಟ ಮೇಲಷ್ಟೇ ಫ್ರೇಮ್ ಹೊರಡುತ್ತದೆ. ಒಂದು ಸರ್ವರ್ ತಾನು ತೆಗೆದುಕೊಳ್ಳಬಲ್ಲುದಕ್ಕಿಂತ ಹೆಚ್ಚು ದತ್ತಾಂಶವನ್ನು ಕೇಳಿದರೆ, ಅದರ ಫ್ರೇಮ್‌ಗಳು ಮುಂದಿನ ಕಟ್ಟಡದ ಸ್ವಿಚ್‌ನ ಬಫರ್ (ಫ್ರೇಮ್ ತಂಗುವ ಜಾಗ) ತುಂಬಿ, ಅಲ್ಲಿಂದ ಕ್ರೆಡಿಟ್ ತಡವಾಗಿ ಮರಳಿ, ಹಿಂದಿನ ಕಟ್ಟಡದ ಸ್ವಿಚ್ ಕಾಯುತ್ತ ನಿಲ್ಲಬೇಕಾಗುತ್ತದೆ. ಅದೇ ಕೊಂಡಿಯಲ್ಲಿ ಡೇಟಾಬೇಸ್‌ಗಾಗಿ ಬರುವ ಫ್ರೇಮ್‌ಗಳೂ ಅವುಗಳ ಹಿಂದೆಯೇ ನಿಲ್ಲುತ್ತವೆ. ಸಂಪಾಜೆ ಘಾಟಿಯಲ್ಲಿ ತುಂಬಿದ ಲಾರಿಯೊಂದು ಏರುತ್ತಿರುವಾಗ ಹಿಂದಿನ ಕಾರುಗಳೆಲ್ಲ ಅದರ ವೇಗಕ್ಕೇ ಇಳಿಯುತ್ತವಲ್ಲ, ಆಗ ಮಡಿಕೇರಿಯಲ್ಲಿ ನಿಂತು ವಾಹನಗಳನ್ನು ಎಣಿಸಿದರೆ ರಸ್ತೆ ಖಾಲಿಯೆಂದೇ ಅನಿಸುತ್ತದೆ. ನಿಮ್ಮ ಗ್ರಾಫ್ ಎಣಿಸುತ್ತಿರುವುದು ದಾಟಿಹೋದ ಫ್ರೇಮ್‌ಗಳನ್ನು. ನಿಮಗೆ ಬೇಕಿರುವುದು ಕಾದ ಕಾಲ. ಓದುವ ಕೆಲಸಕ್ಕಷ್ಟೇ ತೊಂದರೆ ಎಂದುಕೊಳ್ಳಬೇಡಿ. ಬರೆಯುವಾಗಲೂ ಅರೇಯ ಒಪ್ಪಿಗೆ ಮತ್ತು ಮುಗಿದ ಸಂದೇಶ ಇದೇ ದಿಕ್ಕಿನಲ್ಲಿ ಬರಬೇಕಾದ್ದರಿಂದ ಅದೂ ತಡವಾಗುತ್ತದೆ.

ಹಿಂದಿನ ಕಟ್ಟಡದ ಸ್ವಿಚ್‌ನಲ್ಲಿ, ಕೊಂಡಿಯ ಪೋರ್ಟ್‌ಗೆ ‘ಪೋರ್ಟ್‌ಸ್ಟ್ಯಾಟ್ಸ್‌ಶೋ’ ಕೊಟ್ಟು ‘ಟಿಐಎಮ್_ಟಿಎಕ್ಸ್‌ಸಿಆರ್‌ಡಿ_ಝಡ್’ ಎಂಬ ಸಾಲನ್ನು ನೋಡಿ. ಫ್ರೇಮ್ ಸಿದ್ಧವಿದ್ದರೂ ಕ್ರೆಡಿಟ್ ಇಲ್ಲದೆ ಕಾದ ಪ್ರತಿ 2.5 ಮೈಕ್ರೋಸೆಕೆಂಡಿಗೆ ಅದು ಒಂದೊಂದಾಗಿ ಏರುತ್ತದೆ. ಅದು ಒಟ್ಟು ಎಣಿಕೆಯಾದ್ದರಿಂದ ಒಂದು ಸಲ ನೋಡಿದರೆ ಏನೂ ತಿಳಿಯುವುದಿಲ್ಲ. ಹತ್ತು ಸೆಕೆಂಡಿನ ಅಂತರದಲ್ಲಿ ಎರಡು ಸಲ ನೋಡಿ ವ್ಯತ್ಯಾಸ ತೆಗೆಯಿರಿ. ಬಳಿಕ ಮುಂದಿನ ಸ್ವಿಚ್‌ನಲ್ಲಿ ಸರ್ವರ್‌ಗಳ ಪೋರ್ಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ. ಯಾವುದೋ ಪೋರ್ಟ್‌ನಲ್ಲಿ ಈ ಎಣಿಕೆ ಏರುತ್ತಿದ್ದು ಬಳಕೆ ಕಡಿಮೆ ಇದ್ದರೆ, ಆ ಸರ್ವರೇ ಕ್ರೆಡಿಟ್ ಮರಳಿಸಲು ತಡಮಾಡುತ್ತಿದೆ. ಬಳಕೆ ಶೇ. 100ಕ್ಕೆ ಮುಟ್ಟಿದ್ದು ಈ ಎಣಿಕೆ ಅಷ್ಟಾಗಿ ಏರದಿದ್ದರೆ, ಸರ್ವರ್ ಆರೋಗ್ಯವಾಗಿದೆ, ಅದರ ಕೊಂಡಿ ಮಾತ್ರ ಸಣ್ಣದು. ಈ ಎರಡಕ್ಕೂ ಮದ್ದು ಬೇರೆಯಾದ್ದರಿಂದ ಇಲ್ಲಿ ಅವಸರ ಮಾಡಬೇಡಿ.

ಅರೇಯ 3 ಮಿಲಿಸೆಕೆಂಡ್ ಸುಳ್ಳಲ್ಲ. ಅದು ತನ್ನೊಳಗೆ ಕಳೆದ ಕಾಲವನ್ನು ಹೇಳುತ್ತಿದೆ, ಅಷ್ಟೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಿಆರ್‌ಸಿ ದೋಷ ಎಲ್ಲಿಯೂ ಇಲ್ಲ, ಬೆಳಕಿನ ಪ್ರಮಾಣವೂ ಸರಿಯಾಗಿದೆ. ಇಂದು ಬೆಳಿಗ್ಗೆ 10:20ಕ್ಕೆ ಕೊಂಡಿಯ ಪೋರ್ಟ್‌ನಲ್ಲಿ ಆ ಎಣಿಕೆ ಹತ್ತು ಸೆಕೆಂಡಿನಲ್ಲಿ ಸುಮಾರು 24 ಲಕ್ಷ ಏರಿತು. ಅಂದರೆ ಹತ್ತರಲ್ಲಿ ಆರು ಸೆಕೆಂಡು ಅದು ಕಾಯುತ್ತಲೇ ಇತ್ತು. ಮುಂದಿನ ಸ್ವಿಚ್‌ನಲ್ಲಿ ಪೂರ್ತಿ ತುಂಬಿದ್ದ ಪೋರ್ಟ್ ಒಂದೇ: ನಾನು ಎಂದೂ ಅಳೆಯದಿದ್ದ ಬ್ಯಾಕಪ್ ಸರ್ವರ್‌ನದು. ಅದರ ಕಾರ್ಡ್ 4 ಗಿಗಾಬಿಟ್‌ನದೇ.

ಕಾರಣ ಈಗ ನೆನಪಾಗುತ್ತಿದೆ. ಕಳೆದ ಮಳೆಗಾಲದಲ್ಲಿ ರಾತ್ರಿಯೆಲ್ಲ ಕರೆಂಟ್ ಹೋಗಿ ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತಿದ್ದುದರಿಂದ ಅದನ್ನು ಬೆಳಿಗ್ಗೆ 10 ಗಂಟೆಗೆ ಬದಲಾಯಿಸಿದ್ದೆವು. ಆಗ ಖರೀದಿ ಇರಲಿಲ್ಲವಾದ್ದರಿಂದ ಯಾರಿಗೂ ತೊಂದರೆ ಕಾಣಲಿಲ್ಲ. ಸದ್ಯಕ್ಕೆ ಬ್ಯಾಕಪ್ ತಂತ್ರಾಂಶದಲ್ಲಿ ಓದುವ ವೇಗವನ್ನು ಸೆಕೆಂಡಿಗೆ 250 ಮೆಗಾಬೈಟ್‌ಗೆ ಮಿತಿಗೊಳಿಸಿ ಮತ್ತೆ ನಡೆಸಿ ನೋಡಿದೆ. ಡೇಟಾಬೇಸಿನ ವಿಳಂಬ 5 ಮಿಲಿಸೆಕೆಂಡಿಗೆ ಇಳಿಯಿತು. ಆ ಸರ್ವರನ್ನು ಹಿಂದಿನ ಕಟ್ಟಡಕ್ಕೆ, ಅರೇ ಇರುವ ಸ್ವಿಚ್‌ಗೇ ಸ್ಥಳಾಂತರಿಸಿದರೆ ಸಾಕೇ?

ಉತ್ತರ – ಕುಶಾಲನಗರದಿಂದ

ಕೊಂಡಿ ಬಿಡುವಾಗುತ್ತದೆ, ಆದರೆ ಅರೇಯ ಅದೇ ಪೋರ್ಟನ್ನು ಡೇಟಾಬೇಸ್ ಕೂಡ ಬಳಸುತ್ತಿದ್ದರೆ ಸಾಲು ಅಲ್ಲಿ ಕಟ್ಟುತ್ತದೆ. ಬ್ಯಾಕಪ್‌ಗೆ ಅರೇಯಲ್ಲಿ ಪ್ರತ್ಯೇಕ ಪೋರ್ಟ್ ಕೊಟ್ಟು ಜೋನ್ (ಯಾವ ಸರ್ವರ್ ಯಾವ ಪೋರ್ಟ್ ಬಳಸಬಹುದೆಂಬ ಪಟ್ಟಿ) ಬದಲಿಸಿ, ಕಾರ್ಡನ್ನು 16 ಗಿಗಾಬಿಟ್‌ಗೆ ಏರಿಸಲು ಈಗಲೇ ಬೇಡಿಕೆ ಸಲ್ಲಿಸಿ. ಅಲ್ಲಿಯವರೆಗೆ ವೇಗದ ಮಿತಿ ಹಾಗೆಯೇ ಇರಲಿ. ಇನ್ನು ಮುಂದೆ ಸರ್ವರ್‌ಗಳ ಎಲ್ಲ ಪೋರ್ಟ್‌ಗಳನ್ನೂ, ಅವುಗಳ ಬಳಕೆಯ ಜೊತೆಗೆ ಈ ಕ್ರೆಡಿಟ್ ಎಣಿಕೆಯನ್ನೂ ಗ್ರಾಫ್‌ಗೆ ಸೇರಿಸಿ.